ಒಳಗೆ ಯಾವುದೂ ಕುಗ್ಗುವುದಿಲ್ಲ ಅಂದರೆ ಸ್ನಾಯು ಗಿಡ್ಡ ಆಗುವುದು ಹೇಗೆ?

ಕುತೂಹಲಿ
ತೋಳು ಮಡಚಿದರೆ ಬೈಸೆಪ್ಸ್ ಗಿಡ್ಡವಾಗಿ ಉಬ್ಬುತ್ತದೆ. ಕಣ್ಣಿಗೇ ಕಾಣುತ್ತದೆ, ಅನುಮಾನ ಇಲ್ಲ. ಆದರೆ ಯಾವ ಪುಸ್ತಕ ತೆರೆದರೂ ಸ್ನಾಯುವಿನೊಳಗಿನ ಆಕ್ಟಿನ್ ಮತ್ತು ಮಯೋಸಿನ್ ಎಂಬ ಪ್ರೋಟೀನ್ ತಂತುಗಳ ಉದ್ದ ಬದಲಾಗುವುದಿಲ್ಲ ಅಂತ ಬರೆದಿರುತ್ತದೆ. ಒಳಗಿನ ಸಾಮಾನು ಯಾವುದೂ ಗಿಡ್ಡ ಆಗದೆ ಇಡೀ ಸ್ನಾಯು ಗಿಡ್ಡ ಆಗುವುದು ಹೇಗೆ?

ಇನ್ನೊಂದು. ಸ್ನಾಯು ಬಿಗಿಯಾಗಲು ಶಕ್ತಿ ಬೇಕು ಅನ್ನುತ್ತಾರೆ. ಹಾಗಿದ್ದರೆ ಸತ್ತ ಮೇಲೆ ದೇಹ ಸಡಿಲ ಆಗಿಯೇ ಇರಬೇಕಿತ್ತು ಅಲ್ವಾ? ಸೆಟೆದುಕೊಳ್ಳುವುದು ಯಾಕೆ?

ಜಿಮ್_ಹುಡುಗ
ರಕ್ತ ನುಗ್ಗಿ ಉಬ್ಬುವುದು ಸರ್. ಉಬ್ಬಿದ್ದು ಅಡ್ಡಕ್ಕೆ ಜಾಸ್ತಿ ಆಗುತ್ತದೆ, ಹಾಗಾಗಿ ಉದ್ದ ಕಡಿಮೆ ಆಗುತ್ತದೆ. ಒಂದು ಸೆಟ್ ಹೊಡೆದು ನೋಡಿ, ಗೊತ್ತಾಗುತ್ತದೆ.

ಅಂಗರಚನೆ_ಮೇಷ್ಟ್ರು
ಸೆಟ್ ಹೊಡೆದ ಮೇಲೆ ಬರುವ ಉಬ್ಬು ಬೇರೆ. ಅದರಲ್ಲಿ ರಕ್ತದ್ದೂ ದ್ರವದ್ದೂ ಪಾಲಿದೆ. ತೋಳು ಮಡಚಿದ ಕ್ಷಣದಲ್ಲಿ ಕಾಣುವ ಉಬ್ಬು ಬೇರೆ.

ನೀವು ಹೇಳಿದ್ದು ಹೊಸ ವಿಚಾರ ಏನಲ್ಲ. ನರದ ಕೊಳವೆಯೊಳಗಿಂದ ಏನೋ ಒಂದು ಸತ್ವ ಹರಿದು ಬಂದು ಸ್ನಾಯುವನ್ನು ಊದಿಸುತ್ತದೆ ಅಂತ ಯೂರೋಪಿನಲ್ಲಿ ಶತಮಾನಗಳ ಕಾಲ ನಂಬಿದ್ದರು. ಅದನ್ನು ಪರೀಕ್ಷಿಸಿ ನೋಡಿದವನು 17ನೇ ಶತಮಾನದ ಡಚ್ ವಿಜ್ಞಾನಿ ಯಾನ್ ಸ್ವಾಮರ್‌ಡಾಮ್. ಕಪ್ಪೆಯ ಸ್ನಾಯುವನ್ನು ನರದ ಸಮೇತ ಬಿಡಿಸಿ ಗಾಜಿನ ಕೊಳವೆಯಲ್ಲಿಟ್ಟ. ಕೊಳವೆಯ ತುದಿ ಸಪೂರ, ಅಲ್ಲಿ ಒಂದು ಹನಿ ನೀರು. ನರವನ್ನು ಕೆಣಕಿದಾಗ ಸ್ನಾಯು ಬಿಗಿಯಿತು. ಊದಿಕೊಂಡಿದ್ದರೆ ಒಳಗಿನ ಗಾಳಿ ಒತ್ತಿ ಹನಿ ಮೇಲೇರಬೇಕಿತ್ತು. ಏರಲಿಲ್ಲ. ಅಂದರೆ ಸ್ನಾಯುವಿನ ಗಾತ್ರ ಇದ್ದಷ್ಟೇ ಇದೆ, ಆಕಾರ ಮಾತ್ರ ಬದಲಾಗಿದೆ. ಉದ್ದ ಕಡಿಮೆ ಆದದ್ದಕ್ಕೆ ದಪ್ಪ ಜಾಸ್ತಿ ಆಗಿದೆಯೇ ಹೊರತು, ದಪ್ಪ ಆದದ್ದಕ್ಕೆ ಉದ್ದ ಕಡಿಮೆ ಆದದ್ದಲ್ಲ. ಒಂದು ಹನಿ ನೀರಿನಲ್ಲಿ ಮುಗಿದ ಪ್ರಯೋಗ. ನನಗೆ ಶರೀರಶಾಸ್ತ್ರದಲ್ಲೇ ಬಹಳ ಇಷ್ಟವಾದದ್ದು ಇದು.

ಮೂಲ ಪ್ರಶ್ನೆಗೆ ಬರೋಣ. ಸ್ನಾಯುವನ್ನು ಸುತ್ತಿರುವ ಪೊರೆ ಬಿಡಿಸಿದರೆ ಒಳಗೆ ಕಟ್ಟುಗಳು ಸಿಗುತ್ತವೆ. ಒಂದೊಂದು ಕಟ್ಟಿಗೂ ಅದರದೇ ಪೊರೆ. ಕಟ್ಟು ಬಿಚ್ಚಿದರೆ ಎಳೆಗಳು. ಒಂದು ಎಳೆ ಅಂದರೆ ಒಂದೇ ಜೀವಕೋಶ, ಆದರೆ ಅದಕ್ಕೆ ನೂರಾರು ನ್ಯೂಕ್ಲಿಯಸ್‌ಗಳು. ದಪ್ಪ 10ರಿಂದ 100 ಮೈಕ್ರೋಮೀಟರ್ ಅಷ್ಟೇ, ಉದ್ದ ಮಾತ್ರ ಹಲವು ಸೆಂಟಿಮೀಟರ್ ಇರಬಹುದು. ಈ ಎಲ್ಲ ಪೊರೆಗಳೂ ತುದಿಯಲ್ಲಿ ಒಟ್ಟು ಸೇರಿ ಸ್ನಾಯುರಜ್ಜು ಆಗಿ ಮೂಳೆಗೆ ಅಂಟುತ್ತವೆ. ಹಾಗಾಗಿ ಯಾವ ಎಳೆ ಎಳೆದರೂ ಅದು ಕೊನೆಗೆ ಮೂಳೆಗೆ ಮುಟ್ಟುತ್ತದೆ.

ಎಳೆಯ ಒಳಗೆ ಸುಮಾರು 1 ಮೈಕ್ರೋಮೀಟರ್ ದಪ್ಪದ ಮಯೋಫೈಬ್ರಿಲ್‌ಗಳು ಉದ್ದಕ್ಕೂ ತುಂಬಿಕೊಂಡಿರುತ್ತವೆ. ಒಂದೊಂದು ಮಯೋಫೈಬ್ರಿಲ್ಲೂ ಸಾಲಾಗಿ ಜೋಡಿಸಿದ ಸಾರ್ಕೊಮಿಯರ್‌ಗಳಿಂದ ಆದದ್ದು. ಸಾರ್ಕೊಮಿಯರ್‌ನ ಎರಡೂ ತುದಿಗೆ ಜಡ್ ಗೆರೆ. ಅಲ್ಲಿಂದ ಒಳಮುಖವಾಗಿ ಚಾಚಿದವು ಆಕ್ಟಿನ್‌ನ ತೆಳು ತಂತುಗಳು. ನಡುವೆ ಮಯೋಸಿನ್‌ನ ದಪ್ಪ ತಂತುಗಳು, ಅವುಗಳ ಮೈತುಂಬ ಹೊರಕ್ಕೆ ಚಾಚಿದ ತಲೆಗಳು. ಈ ತಲೆಗಳು ಎರಡೂ ಕಡೆಯ ತೆಳು ತಂತುಗಳನ್ನು ನಡುವಿಗೆ ಎಳೆದುಕೊಳ್ಳುತ್ತವೆ. ತಂತುಗಳು ಒಂದರ ಪಕ್ಕ ಒಂದು ಜಾರುತ್ತವೆ, ಜಡ್ ಗೆರೆಗಳು ಹತ್ತಿರ ಬರುತ್ತವೆ. ಗಿಡ್ಡ ಆಗುವುದು ತಂತುಗಳ ಮಧ್ಯೆ ಇದ್ದ ಖಾಲಿ ಜಾಗ, ತಂತು ಅಲ್ಲ.

ವಿದ್ಯಾರ್ಥಿನಿ_ಮೊದಲ_ವರ್ಷ
ಇದು ಗೊತ್ತಾಗಿದ್ದು ಹೇಗೆ ಸರ್? ಜಾರುವುದನ್ನು ಯಾರಾದರೂ ನೋಡಿದ್ದಾರಾ?

ಅಂಗರಚನೆ_ಮೇಷ್ಟ್ರು
ಪಟ್ಟೆಗಳನ್ನು ನೋಡಿದರು. ಸೂಕ್ಷ್ಮದರ್ಶಕದಲ್ಲಿ ಎಳೆಯ ಮೇಲೆ ಕಪ್ಪು ಬಿಳಿ ಪಟ್ಟೆ ಕಾಣುತ್ತವೆ. ಕಪ್ಪು ಪಟ್ಟೆ, ಅಂದರೆ ಎ ಬ್ಯಾಂಡ್, ದಪ್ಪ ತಂತು ಇರುವಷ್ಟು ಜಾಗ. ಬಿಳಿ ಪಟ್ಟೆ, ಐ ಬ್ಯಾಂಡ್, ಬರೀ ತೆಳು ತಂತು ಇರುವ ಜಾಗ. ಸ್ನಾಯು ಬಿಗಿದಾಗ ಬಿಳಿ ಪಟ್ಟೆ ಕಿರಿದಾಯಿತು, ಕಪ್ಪು ಪಟ್ಟೆಯ ಅಗಲ ಹಾಗೇ ಉಳಿಯಿತು. ದಪ್ಪ ತಂತು ಮುದುಡುತ್ತಿದ್ದರೆ ಕಪ್ಪು ಪಟ್ಟೆಯೂ ಕಿರಿದಾಗಬೇಕಿತ್ತು.

1954ರಲ್ಲಿ ಎರಡು ಬೇರೆ ಬೇರೆ ಜೋಡಿಗಳು ಇದನ್ನೇ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದವು. ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗರ್ಕೆ ನೋಡಿದ್ದು ಕಪ್ಪೆಯ ಜೀವಂತ ಎಳೆಗಳನ್ನು. ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ನೋಡಿದ್ದು ಮೊಲದ ಸ್ನಾಯುವಿನಿಂದ ಬಿಡಿಸಿದ ಮಯೋಫೈಬ್ರಿಲ್‌ಗಳನ್ನು. ಇಬ್ಬರು ಹಕ್ಸ್‌ಲಿಗಳೂ ನೆಂಟರಲ್ಲ. ಪರೀಕ್ಷೆಯಲ್ಲಿ ಇಬ್ಬರನ್ನೂ ಒಬ್ಬನೇ ಮಾಡಿಬಿಡುತ್ತಾರೆ, ನೋಡಿಕೊಳ್ಳಿ.

ಕುತೂಹಲಿ
ಜಾರುವುದು ಸರಿ. ಆದರೆ ಸಾರ್ಕೊಮಿಯರ್ ಅಷ್ಟು ಚಿಕ್ಕದು. ಅದರೊಳಗೆ ಎಷ್ಟು ಜಾರಿದರೆ ತಾನೇ ಏನಾದೀತು? ಕೈ ಮೇಲೇಳುವುದು ಒಂದು ಗೇಣು.

ಅಂಗರಚನೆ_ಮೇಷ್ಟ್ರು
ಲೆಕ್ಕ ಹಾಕೋಣ. ಸಾರ್ಕೊಮಿಯರ್ ಉದ್ದ 2.5 ಮೈಕ್ರೋಮೀಟರ್ ಅಂತ ಇಟ್ಟುಕೊಳ್ಳಿ. 1 ಸೆಂ.ಮೀ. ಎಳೆಯಲ್ಲಿ ಸಾಲಾಗಿ 4000 ಸಾರ್ಕೊಮಿಯರ್. ಎಳೆ 10 ಸೆಂ.ಮೀ. ಇದ್ದರೆ 40,000. ಒಂದೊಂದೂ 0.4 ಮೈಕ್ರೋಮೀಟರ್ ಗಿಡ್ಡ ಆದರೆ ಒಟ್ಟು 16 ಮಿ.ಮೀ. ಬೈಸೆಪ್ಸ್ ಮುಂಗೈ ಮೂಳೆಗೆ ಅಂಟಿರುವುದು ಮೊಣಕೈಯಿಂದ ಸುಮಾರು 5 ಸೆಂ.ಮೀ. ದೂರದಲ್ಲಿ. ಅಂಗೈ ಇರುವುದು 35 ಸೆಂ.ಮೀ. ದೂರದಲ್ಲಿ. 7 ಪಟ್ಟು. ಅಲ್ಲಿಗೆ ಅಂಗೈ ಹತ್ತಿರ ಹತ್ತಿರ 11 ಸೆಂ.ಮೀ. ಏರುತ್ತದೆ. ನಿಮ್ಮ ಗೇಣಿನ ಅರ್ಧ ದಾಟಿತು, ಉಳಿದದ್ದಕ್ಕೆ ಇನ್ನೂ ಸ್ವಲ್ಪ ಜಾರಿದರೆ ಆಯಿತು. ಎಲ್ಲ ಸಾರ್ಕೊಮಿಯರ್‌ಗಳೂ ಒಟ್ಟಿಗೇ ಜಾರುವುದರಿಂದ ಸಮಯವೂ ಹಿಡಿಯುವುದಿಲ್ಲ.

ಇದಕ್ಕೆ ತೆರುವ ಬೆಲೆಯೂ ಅದೇ 7 ಪಟ್ಟು. ಮೊಣಕೈ ನೆಟ್ಟಗೆ ಮಡಚಿ ಅಂಗೈಯಲ್ಲಿ 5 ಕಿಲೋ ಹಿಡಿದರೆ ಸ್ನಾಯು 35 ಕಿಲೋ ಎತ್ತುವಷ್ಟು ಬಲದಲ್ಲಿ ಎಳೆಯಬೇಕು. ಮುಂಗೈಯ ಸ್ವಂತ ಭಾರ ಇದರಲ್ಲಿ ಸೇರಿಸಿಲ್ಲ. ಬೈಸೆಪ್ಸ್ ಒಂದೇ ಎಳೆಯುವುದಿಲ್ಲ, ಅದರ ಕೆಳಗೆ ಅಡಗಿರುವ ಬ್ರೇಕಿಯಾಲಿಸ್ ಬಹಳ ಕೆಲಸ ಮಾಡುತ್ತದೆ. ಕಾಣುವುದಿಲ್ಲ ಅಂತ ಯಾರೂ ಅದರ ಹೆಸರು ಹೇಳುವುದಿಲ್ಲ ಪಾಪ.

ಲ್ಯಾಬ್_ಮೂಲೆ
ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ನನ್ನ ಪ್ರಕಾರ ಈ ಚರ್ಚೆಯಲ್ಲಿ ಅಸಲಿ ವಿಷಯ ಅದೇ.

ಸ್ನಾಯು ಹಿಡಿದುಕೊಳ್ಳಲು ಎಟಿಪಿ, ಅಂದರೆ ಜೀವಕೋಶಕ್ಕೆ ಶಕ್ತಿ ಕೊಡುವ ಅಣು, ಬೇಕು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಬೇಕಿರುವುದು ಬಿಡುವುದಕ್ಕೆ.

ಒಂದು ಮಯೋಸಿನ್ ತಲೆ ಆಕ್ಟಿನ್‌ಗೆ ಗಟ್ಟಿಯಾಗಿ ಕಚ್ಚಿಕೊಂಡಿದೆ ಅಂದುಕೊಳ್ಳಿ. ಒಂದು ಎಟಿಪಿ ಬಂದು ತಲೆಯಲ್ಲಿ ಕೂತರೆ ಮಾತ್ರ ಅದು ಕಚ್ಚಿದ್ದನ್ನು ಬಿಡುತ್ತದೆ. ಬಿಟ್ಟ ಮೇಲೆ ತಲೆಯಲ್ಲೇ ಎಟಿಪಿ ಒಡೆದು ಎಡಿಪಿ ಮತ್ತು ಫಾಸ್ಫೇಟ್ ಆಗುತ್ತದೆ. ಆ ಶಕ್ತಿಯಲ್ಲಿ ತಲೆ ಹಿಂದಕ್ಕೆ ಬಾಗಿ ಸಜ್ಜಾಗಿ ನಿಲ್ಲುತ್ತದೆ. ಮತ್ತೆ ಆಕ್ಟಿನ್ ಮೇಲೆ ಸ್ವಲ್ಪ ಮುಂದಿನ ಜಾಗ ಹಿಡಿಯುತ್ತದೆ. ಫಾಸ್ಫೇಟ್ ಹೊರಗೆ ಬೀಳುತ್ತಿದ್ದಂತೆ ತಲೆ ವಾಲಿ ತಂತುವನ್ನು 5ರಿಂದ 10 ನ್ಯಾನೋಮೀಟರ್ ಎಳೆಯುತ್ತದೆ. ಎಡಿಪಿಯೂ ಬಿದ್ದುಹೋಗುತ್ತದೆ. ಈಗ ಮತ್ತೆ ಗಟ್ಟಿಯಾಗಿ ಕಚ್ಚಿಕೊಂಡ ಸ್ಥಿತಿ. ಮುಂದಿನ ಎಟಿಪಿ ಬರುವವರೆಗೆ ಅಲ್ಲೇ.

ಬಾವಿಯಿಂದ ಕೊಡ ಸೇದುವಾಗ ಒಂದು ಕೈ ಹಗ್ಗ ಬಿಟ್ಟು ಮೇಲಕ್ಕೆ ಹೋಗುವಾಗ ಇನ್ನೊಂದು ಕೈ ಹಿಡಿದಿರುತ್ತದೆ ನೋಡಿ, ಹಾಗೆ. ಒಂದು ದಪ್ಪ ತಂತುವಿನಲ್ಲಿ ಸುಮಾರು 300 ಮಯೋಸಿನ್ ಅಣುಗಳು, ಒಂದೊಂದಕ್ಕೂ ಎರಡು ತಲೆ. ಯಾವ ಗಳಿಗೆಯಲ್ಲೂ ಕೆಲವು ಹಿಡಿದಿರುತ್ತವೆ, ಕೆಲವು ಬಿಟ್ಟಿರುತ್ತವೆ. ಎಲ್ಲವೂ ಒಟ್ಟಿಗೆ ಬಿಟ್ಟರೆ ಎಳೆದದ್ದೆಲ್ಲ ಜಾರಿ ವಾಪಸ್ ಹೋಗುತ್ತದೆ.

ಸತ್ತ ಮೇಲೆ ಏನಾಗುತ್ತದೆ ಅಂತ ಈಗ ನೀವೇ ಹೇಳಬಹುದು. ಎಟಿಪಿ ತಯಾರಿ ನಿಲ್ಲುತ್ತದೆ. ಒಳಗೆ ಕೂಡಿಟ್ಟ ಕ್ಯಾಲ್ಸಿಯಂ ಸೋರುತ್ತದೆ. ತಲೆ ಹಿಡಿಯಲು ದಾರಿ ಬಿಡುವುದು ಅದೇ, ಹಾಗಾಗಿ ತಲೆಗಳು ಆಕ್ಟಿನ್ ಹಿಡಿಯುತ್ತವೆ. ಬಿಡಿಸಲು ಎಟಿಪಿ ಇಲ್ಲ. ಸಾಮಾನ್ಯವಾಗಿ 2ರಿಂದ 6 ಗಂಟೆಯೊಳಗೆ ದವಡೆ, ರೆಪ್ಪೆಗಳಲ್ಲಿ ಬಿಗಿತ ಶುರುವಾಗುತ್ತದೆ, ಸುಮಾರು 12 ಗಂಟೆ ಹೊತ್ತಿಗೆ ಮೈಯೆಲ್ಲ ಸೆಟೆದುಕೊಳ್ಳುತ್ತದೆ. ಆಮೇಲೆ ಪ್ರೋಟೀನ್‌ಗಳೇ ಕಳಚಿಕೊಳ್ಳಲು ಶುರುವಾದಾಗ ಸಡಿಲ. ಬಿಸಿಲು, ಚಳಿ ನೋಡಿಕೊಂಡು ಈ ಲೆಕ್ಕ ಹಿಂದೆ ಮುಂದೆ ಆಗುತ್ತದೆ.

ಎಟಿಪಿಯ ಪಾತ್ರ ತೋರಿಸಿಕೊಟ್ಟವರು ಹಂಗೇರಿಯ ಆಲ್ಬರ್ಟ್ ಸೆಂಟ್ ಜಾರ್ಜಿ ಮತ್ತು ಅವರ ಜೊತೆಗಾರರು, 1940ರ ದಶಕದಲ್ಲಿ. ಆಕ್ಟಿನ್ ಕಂಡುಹಿಡಿದ ಸ್ಟ್ರಾಬ್ ಅದೇ ಗುಂಪಿನವರು. ಮೊಲದ ಸ್ನಾಯುವನ್ನು ಗ್ಲಿಸರಾಲ್‌ನಲ್ಲಿ ನೆನೆಸಿಟ್ಟು, ಅಂದರೆ ಜೀವ ಅನ್ನುವುದೇ ಇಲ್ಲದ ಎಳೆಗೆ, ಎಟಿಪಿ ಹಾಕಿದರು. ಅದು ಬಿಗಿದುಕೊಂಡು ಗಿಡ್ಡ ಆಯಿತು.

ವಿದ್ಯಾರ್ಥಿನಿ_ಮೊದಲ_ವರ್ಷ
ಒಂದು ನಿಮಿಷ. ತಲೆಗಳಿಗೆ ಎಟಿಪಿ ಸದಾ ಸಿಗುತ್ತಿದ್ದರೆ ಅವು ಸದಾ ಎಳೆಯುತ್ತಲೇ ಇರಬೇಕಲ್ಲ? ಸುಮ್ನೆ ಕೂತಾಗ ನಿಲ್ಲಿಸುವುದು ಯಾವುದು? ಕ್ಯಾಲ್ಸಿಯಂ ಅಂತ ಗೊತ್ತು, ಆದರೆ ನರದಿಂದ ಕ್ಯಾಲ್ಸಿಯಂವರೆಗಿನ ದಾರಿ ತಲೆಗೆ ಹತ್ತುತ್ತಿಲ್ಲ.

ಲ್ಯಾಬ್_ಮೂಲೆ
ಆಕ್ಟಿನ್ ಮೇಲೆ ಟ್ರೋಪೋಮಯೋಸಿನ್ ಎಂಬ ಉದ್ದನೆಯ ಪ್ರೋಟೀನ್ ಮಲಗಿ, ತಲೆ ಹಿಡಿಯುವ ಜಾಗಗಳನ್ನು ಮುಚ್ಚಿರುತ್ತದೆ. ಅದಕ್ಕೆ ಕಟ್ಟಿಕೊಂಡಿರುವುದು ಟ್ರೋಪೋನಿನ್. ಕ್ಯಾಲ್ಸಿಯಂ ಟ್ರೋಪೋನಿನ್‌ಗೆ ಅಂಟಿದರೆ ಅದು ಟ್ರೋಪೋಮಯೋಸಿನ್‌ನನ್ನು ಪಕ್ಕಕ್ಕೆ ಸರಿಸುತ್ತದೆ. ಟ್ರೋಪೋನಿನ್ ಕಂಡುಹಿಡಿದವರು ಜಪಾನಿನ ಸೆತ್ಸುರೊ ಎಬಾಶಿ, 1960ರ ದಶಕದಲ್ಲಿ. ಬರೀ ಒಂದು ಲೋಹದ ಅಯಾನು ಇಷ್ಟು ದೊಡ್ಡ ಕೆಲಸ ಮಾಡುತ್ತದೆ ಅಂದಾಗ ಆಗ ಬಹಳ ಜನ ಒಪ್ಪಿರಲಿಲ್ಲ.

ಇನ್ನು ದಾರಿ. ನರದ ತುದಿಯಿಂದ ಸುದ್ದಿ ಒಯ್ಯುವ ರಾಸಾಯನಿಕ ಅಸಿಟೈಲ್‌ಕೋಲಿನ್ ಸುರಿಯುತ್ತದೆ. ಎಳೆಯ ಹೊರಪೊರೆಯಲ್ಲಿ ವಿದ್ಯುತ್ ಅಲೆ ಏಳುತ್ತದೆ. ಎಳೆ ದಪ್ಪ ಇರುವುದರಿಂದ ಅಲೆ ಮೇಲ್ಮೈಯಲ್ಲೇ ಓಡಿದರೆ ಒಳಗಿನ ಮಯೋಫೈಬ್ರಿಲ್‌ಗಳಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ಅದಕ್ಕೇ ಹೊರಪೊರೆ ಅಲ್ಲಲ್ಲಿ ಕೊಳವೆಯಾಗಿ ಒಳಕ್ಕೆ ಇಳಿದಿದೆ. ಟಿ ಟ್ಯೂಬ್ಯೂಲ್ ಅಂದರೆ ಅದೇ. ಪಕ್ಕದಲ್ಲೇ ಕ್ಯಾಲ್ಸಿಯಂ ಕೂಡಿಟ್ಟ ಚೀಲ, ಸಾರ್ಕೊಪ್ಲಾಸ್ಮಿಕ್ ರೆಟಿಕ್ಯುಲಮ್. ಕೊಳವೆಯ ಪೊರೆಯಲ್ಲಿ ವೋಲ್ಟೇಜ್ ಗುರುತಿಸುವ ಪ್ರೋಟೀನ್ ಇದೆ. ಚೀಲದ ಪೊರೆಯಲ್ಲಿ ರಯನೊಡೀನ್ ರಿಸೆಪ್ಟರ್ ಎಂಬ ಬಾಗಿಲು ಇದೆ. ಮೊದಲನೆಯದು ಆಕಾರ ಬದಲಿಸಿ ಎರಡನೆಯದನ್ನು ನೇರವಾಗಿ ತೆರೆಯುತ್ತದೆ. ಕ್ಯಾಲ್ಸಿಯಂ ಸುರಿದು ಎಳೆಯೊಳಗೆ ಅದರ ಪ್ರಮಾಣ ಹತ್ತಾರು ಪಟ್ಟು ಏರುತ್ತದೆ. ಹೃದಯದಲ್ಲಿ ಇದಕ್ಕೆ ಹೊರಗಿನ ಕ್ಯಾಲ್ಸಿಯಂ ಮೊದಲು ಒಳಗೆ ಬರಬೇಕು. ಅಸ್ಥಿಸ್ನಾಯುವಿಗೆ ಬೇಕಿಲ್ಲ. ಪರೀಕ್ಷೆಯಲ್ಲಿ ಈ ವ್ಯತ್ಯಾಸ ಕೇಳಿಯೇ ಕೇಳುತ್ತಾರೆ.

ನಿಲ್ಲಿಸುವಾಗ ಪಂಪುಗಳು ಕ್ಯಾಲ್ಸಿಯಂ ಎತ್ತಿ ಚೀಲಕ್ಕೆ ತುಂಬುತ್ತವೆ. ಆ ಪಂಪಿಗೂ ಎಟಿಪಿ ಬೇಕು. ಸಡಿಲ ಆಗುವುದು ಪುಕ್ಕಟೆ ಅಲ್ಲ.

ಬಾಗಿಲು ಕೆಟ್ಟರೆ ಏನಾಗುತ್ತದೆ ಗೊತ್ತಾ? ಕೆಲವರಿಗೆ ರಯನೊಡೀನ್ ರಿಸೆಪ್ಟರ್‌ನ ಜೀನ್‌ನಲ್ಲಿ ದೋಷ ಇರುತ್ತದೆ. ದಿನನಿತ್ಯ ಏನೂ ತೊಂದರೆ ಇಲ್ಲ. ಆದರೆ ಆಪರೇಷನ್‌ಗೆ ಕೊಡುವ ಕೆಲವು ಅರಿವಳಿಕೆ ಅನಿಲಗಳು ಅಥವಾ ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧಿ ಸೋಕಿದರೆ ಬಾಗಿಲು ತೆರೆದೇ ಉಳಿಯುತ್ತದೆ. ಸ್ನಾಯುಗಳೆಲ್ಲ ಬಿಗಿದು ಮೈ ಕಾವು ಒಂದೇ ಸಮ ಏರುತ್ತದೆ, ಪ್ರಾಣಕ್ಕೇ ಅಪಾಯ. ಅದಕ್ಕೆ ಡ್ಯಾಂಟ್ರೊಲೀನ್ ಎಂಬ ಔಷಧಿ ಇದೆ. ಮನೆಯಲ್ಲಿ ಯಾರಿಗಾದರೂ ಅರಿವಳಿಕೆಯಲ್ಲಿ ಹೀಗಾಗಿದ್ದರೆ ಆಪರೇಷನ್‌ಗೆ ಮುಂಚೆ ಡಾಕ್ಟರಿಗೆ ಹೇಳಲೇಬೇಕು.

ಜಿಮ್_ಹುಡುಗ
ಸರ್, ನನಗೊಂದು ಡೌಟು. ಎಟಿಪಿ ಮುಗಿದರೆ ಸೆಟೆದುಕೊಳ್ಳುತ್ತದೆ ಅಂದಿರಿ. ಕೊನೇ ರೆಪ್‌ನಲ್ಲಿ ಕೈ ಮೇಲೇಳುವುದೇ ಇಲ್ಲ, ಅಷ್ಟು ಖಾಲಿ ಆಗಿರುತ್ತದೆ. ಆಗ ಕೈ ಕಲ್ಲಿನ ಹಾಗೆ ಯಾಕೆ ಆಗುವುದಿಲ್ಲ? ಉಲ್ಟಾ ಜೋಲು ಬೀಳುತ್ತದೆ.

ಲ್ಯಾಬ್_ಮೂಲೆ
ಇಲ್ಲಿವರೆಗಿನ ಪ್ರಶ್ನೆಗಳಲ್ಲಿ ಇದೇ ಚೆನ್ನಾಗಿದೆ.

ಉತ್ತರ: ಎಟಿಪಿ ಖಾಲಿ ಆಗಿರುವುದೇ ಇಲ್ಲ. ಸ್ನಾಯುವಿನಲ್ಲಿ ಕೂಡಿಟ್ಟ ಎಟಿಪಿ ಪೂರ್ತಿ ಜೋರಿನಲ್ಲಿ ಕೆಲಸ ಮಾಡಿದರೆ 2-3 ಸೆಕೆಂಡಿಗೆ ಸಾಕಾಗುವಷ್ಟು ಮಾತ್ರ, ನಿಜ. ಆದರೆ ಸ್ನಾಯುವಿನಲ್ಲೇ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟ್ ಎಂಬ ಇನ್ನೊಂದು ವಸ್ತು ಅದನ್ನು ಕೂಡಲೇ ತುಂಬಿಕೊಡುತ್ತದೆ. ಅದು ಸುಮಾರು 10 ಸೆಕೆಂಡ್ ಬರುತ್ತದೆ. ಆಮೇಲೆ ಗ್ಲೂಕೋಸ್ ಒಡೆಯುವುದು, ನಂತರ ಆಮ್ಲಜನಕದ ದಾರಿ. ಎಟಿಪಿ ಅಪಾಯದ ಮಟ್ಟಕ್ಕೆ ಇಳಿಯುವ ಎಷ್ಟೋ ಮುಂಚೆ ಸ್ನಾಯು ತಾನೇ ಬಲ ಕಡಿಮೆ ಮಾಡಿಕೊಳ್ಳುತ್ತದೆ. ಒಡೆದ ಫಾಸ್ಫೇಟ್ ಒಳಗೆ ರಾಶಿ ಬಿದ್ದು ತಲೆಗಳ ಎಳೆತ ಕುಂದುತ್ತದೆ. ಚೀಲದಿಂದ ಕ್ಯಾಲ್ಸಿಯಂ ಕಡಿಮೆ ಬರುತ್ತದೆ. ಮಿದುಳು, ಬೆನ್ನುಹುರಿಯಿಂದ ಬರುವ ಅಪ್ಪಣೆಯೂ ಸಣ್ಣದಾಗುತ್ತದೆ. ಹಿಡಿಯುವ ತಲೆಗಳ ಸಂಖ್ಯೆಯೇ ಕಡಿಮೆ. ಅದಕ್ಕೇ ಜೋಲು.

ಜಿಮ್_ಹುಡುಗ
ಮಾರನೇ ದಿನದ ನೋವು ಲ್ಯಾಕ್ಟಿಕ್ ಆಸಿಡ್ ತಾನೇ? ನಮ್ಮ ಟ್ರೇನರ್ ಅದನ್ನೇ ಹೇಳುವುದು.

ಫಿಸಿಯೋ_ಬೆಂಚು
ಟ್ರೇನರ್‌ಗಳು ಹೇಳುತ್ತಲೇ ಇರುತ್ತಾರೆ, ನಾವು ಅಲ್ಲ ಅನ್ನುತ್ತಲೇ ಇರುತ್ತೇವೆ. ಲ್ಯಾಕ್ಟೇಟ್, ಅಂದರೆ ಮೈಯಲ್ಲಿ ಲ್ಯಾಕ್ಟಿಕ್ ಆಸಿಡ್ ಇರುವ ರೂಪ, ವ್ಯಾಯಾಮ ಮುಗಿದು ಒಂದೆರಡು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ಈ ನೋವು ಜೋರಾಗುವುದು 24ರಿಂದ 72 ಗಂಟೆಯ ನಡುವೆ. ಆ ಹೊತ್ತಿಗೆ ಅಲ್ಲಿ ಇಲ್ಲದ ವಸ್ತುವಿನ ಮೇಲೆ ತಪ್ಪು ಹೊರಿಸಿದರೆ ಹೇಗೆ?

ನಿಮ್ಮ ಅನುಭವವನ್ನೇ ನೋಡಿ. ಮೆಟ್ಟಿಲು ಹತ್ತಿದ್ದಕ್ಕಿಂತ ಇಳಿದದ್ದಕ್ಕೆ ತೊಡೆ ಜಾಸ್ತಿ ನೋಯುತ್ತದೆ. ಡಂಬೆಲ್ ಎತ್ತಿದ್ದಕ್ಕಿಂತ ನಿಧಾನ ಇಳಿಸಿದ್ದಕ್ಕೆ ಜಾಸ್ತಿ. ಇಳಿಸುವಾಗ ಸ್ನಾಯು ಬಿಗಿದಿರುತ್ತದೆ, ಆದರೆ ಭಾರ ಅದನ್ನು ಉದ್ದಕ್ಕೆ ಎಳೆಯುತ್ತಿರುತ್ತದೆ. ಅಷ್ಟೇ ಭಾರ ಇಳಿಸಲು ಕಡಿಮೆ ಎಳೆಗಳು ಸಾಕಾಗುತ್ತವೆ, ಹಾಗಾಗಿ ಒಂದೊಂದು ಎಳೆಯ ಮೇಲೂ ಹೊರೆ ಜಾಸ್ತಿ. ಕೆಲವು ಸಾರ್ಕೊಮಿಯರ್‌ಗಳು ಅತಿಯಾಗಿ ಹಿಗ್ಗಿ ಜಡ್ ಗೆರೆಗಳು ಚೆದುರುತ್ತವೆ. ಆಮೇಲೆ ಉರಿಯೂತ, ಅದರ ಜೊತೆ ನೋವು. ಅದೇ ಕೆಲಸ ಕೆಲವು ದಿನ ಬಿಟ್ಟು ಮತ್ತೆ ಮಾಡಿದರೆ ಅಷ್ಟು ನೋಯುವುದಿಲ್ಲ.

ಈಗ ಲ್ಯಾಬ್_ಮೂಲೆ ಅವರ ಮಾತಿಗೆ ಇದನ್ನು ಜೋಡಿಸುತ್ತೇನೆ. 1952ರಲ್ಲಿ ಅಬಟ್, ಬಿಗ್ಲ್ಯಾಂಡ್, ರಿಚಿ ಎಂಬ ಮೂವರು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ನಿಲ್ಲಿಸಿ ಒಂದೇ ಚೈನು ಹಾಕಿದರು. ಒಬ್ಬರು ಪೆಡಲ್ ತುಳಿಯಬೇಕು. ಇನ್ನೊಬ್ಬರು ಹಿಂದಕ್ಕೆ ತಿರುಗುವ ಪೆಡಲ್ ಅನ್ನು ಕಾಲಿನಿಂದ ತಡೆಯಬೇಕು. ಎರಡೂ ಕಡೆ ಬಲ ಒಂದೇ, ವೇಗ ಒಂದೇ. ಆದರೆ ತಡೆಯುವವರಿಗೆ ಬೇಕಾದ ಆಮ್ಲಜನಕ ತುಳಿಯುವವರಿಗಿಂತ ಬಹಳ ಕಡಿಮೆ. ಯಾಕೆ? ಕಚ್ಚಿಕೊಂಡ ತಲೆಯನ್ನು ಬಿಡಿಸಲು ಎಟಿಪಿ ಬೇಕು, ಸರಿ. ಆದರೆ ಹೊರಗಿನ ಬಲ ಅದನ್ನು ಕಿತ್ತೇಬಿಟ್ಟರೆ ಎಟಿಪಿ ಖರ್ಚಿಲ್ಲ. ಕಿತ್ತ ತಲೆ ಮತ್ತೆ ಹಿಡಿಯುತ್ತದೆ, ಮತ್ತೆ ಕೀಳುತ್ತದೆ. ಶಕ್ತಿ ಉಳಿಯಿತು, ನೋವು ಮಾತ್ರ ಎರಡು ದಿನ.

ಕುತೂಹಲಿ
ವಾಹ್! ಹಾಗಾದರೆ ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದಲ್ಲ, ಅದೂ ಎಟಿಪಿ ಸಮಸ್ಯೆಯಾ?

ಫಿಸಿಯೋ_ಬೆಂಚು
ಅಲ್ಲ. ಆಗ ನರ ಒಂದೇ ಸಮ ಅಪ್ಪಣೆ ಕಳಿಸುತ್ತಿರುತ್ತದೆ, ಸ್ನಾಯುವಿಗೆ ಸೂಜಿ ಇಟ್ಟು ನೋಡಿದರೆ ವಿದ್ಯುತ್ ಚಟುವಟಿಕೆ ಜೋರಾಗಿ ಕಾಣುತ್ತದೆ. ಹೆಣದ ಬಿಗಿತದಲ್ಲಿ ವಿದ್ಯುತ್ ಏನೂ ಇರುವುದಿಲ್ಲ. ಮಂಡಿ ನೆಟ್ಟಗೆ ಮಾಡಿ ಪಾದವನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ, ಬಿಡುತ್ತದೆ. ಪದೇ ಪದೇ ಬರುತ್ತಿದ್ದರೆ ತೋರಿಸಿಕೊಳ್ಳಿ.

ಹೇಗೂ ಕೈಕಾಲು ಆಡಿಸುತ್ತಿದ್ದೀರಿ, ಇದೊಂದು ಮಾಡಿ ನೋಡಿ. ಮಣಿಕಟ್ಟನ್ನು ಆದಷ್ಟೂ ಒಳಕ್ಕೆ ಬಗ್ಗಿಸಿ, ಅಂಗೈ ಮುಂಗೈಯ ಕಡೆಗೆ ಬರುವಂತೆ. ಹಾಗೇ ಇಟ್ಟುಕೊಂಡು ಗಟ್ಟಿಯಾಗಿ ಮುಷ್ಟಿ ಕಟ್ಟಿ. ಆಗುವುದಿಲ್ಲ. ಯಾರಾದರೂ ನಿಮ್ಮ ಕೈಯಿಂದ ಪೆನ್ ಎಳೆದರೆ ಸಲೀಸಾಗಿ ಬಂದುಬಿಡುತ್ತದೆ. ಈಗ ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಅದೇ ಪೆನ್ ಹಿಡಿಯಿರಿ.

ಬೆರಳಿನೊಳಗೆ ಬೆರಳು ಮಡಚುವ ಸ್ನಾಯು ಇಲ್ಲ. ಮುಷ್ಟಿ ಕಟ್ಟುವ ಮುಖ್ಯ ಸ್ನಾಯುಗಳು ಮುಂಗೈಯಲ್ಲಿವೆ, ರಜ್ಜುಗಳು ಮಣಿಕಟ್ಟು ದಾಟಿ ಬೆರಳಿಗೆ ಹೋಗುತ್ತವೆ. ಮಣಿಕಟ್ಟು ಬಗ್ಗಿಸಿದಾಗಲೇ ಆ ಸ್ನಾಯುಗಳು ಗಿಡ್ಡ ಆಗಿಬಿಟ್ಟಿರುತ್ತವೆ. ಎರಡು ಕಡೆಯ ತೆಳು ತಂತುಗಳು ನಡುವೆ ಒಂದರ ಮೇಲೊಂದು ಹತ್ತಿರುತ್ತವೆ, ತಲೆಗಳಿಗೆ ಸರಿಯಾದ ಹಿಡಿತ ಸಿಗುವುದಿಲ್ಲ. ಕೈ ಹಿಂಬದಿಯ ಸ್ನಾಯುಗಳು ಬಿಗಿಯಾಗಿ ಎಳೆದು ನಿಂತು ಬೆರಳನ್ನು ಬಿಚ್ಚುತ್ತಿರುತ್ತವೆ, ಅದೂ ಒಂದು ಕಾರಣ.

ಅಂಗರಚನೆ_ಮೇಷ್ಟ್ರು
ಇದಕ್ಕೆ 1966ರ ಗಾರ್ಡನ್, ಹಕ್ಸ್‌ಲಿ, ಜೂಲಿಯನ್ ಅವರ ಗ್ರಾಫ್ ಇದೆ. ಈ ಹಕ್ಸ್‌ಲಿ ಆಂಡ್ರ್ಯೂ. ಕಪ್ಪೆಯ ಎಳೆಯಲ್ಲಿ ಸಾರ್ಕೊಮಿಯರ್ 2.0ರಿಂದ 2.2 ಮೈಕ್ರೋಮೀಟರ್ ಆಸುಪಾಸು ಇದ್ದಾಗ ಬಲ ಪೂರ್ತಿ. ಅದಕ್ಕಿಂತ ಗಿಡ್ಡ ಆದರೂ ಉದ್ದ ಆದರೂ ಬಲ ಇಳಿಯುತ್ತದೆ. 3.6 ದಾಟಿದ ಮೇಲೆ ತಂತುಗಳು ಒಂದನ್ನೊಂದು ಮುಟ್ಟುವುದೇ ಇಲ್ಲ, ಬಲ ಸೊನ್ನೆ. ಮನುಷ್ಯರ ತೆಳು ತಂತು ಸ್ವಲ್ಪ ಉದ್ದ. ಹಾಗಾಗಿ ನಮ್ಮ ಒಳ್ಳೆಯ ಉದ್ದ 2.6ರಿಂದ 2.8. ಕಪ್ಪೆಯ ಅಂಕಿಯನ್ನೇ ಮನುಷ್ಯರದ್ದು ಅಂತ ಎಷ್ಟೋ ಕಡೆ ಹಾಗೇ ಇಳಿಸಿಬಿಟ್ಟಿರುತ್ತಾರೆ.

ವಿದ್ಯಾರ್ಥಿನಿ_ಮೊದಲ_ವರ್ಷ
ಒಂದು ಎಳೆ ಕೆರಳಿದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ ಅಂತ ಓದಿದ್ದೇನೆ. ಹಾಗಿದ್ದರೆ ಪೆನ್ ಎತ್ತುವಾಗ ಮೆಲ್ಲಗೆ, ಬಕೆಟ್ ಎತ್ತುವಾಗ ಜೋರಾಗಿ ಹೇಗೆ?

ಅಂಗರಚನೆ_ಮೇಷ್ಟ್ರು
ಒಂದು ನರಕೋಶ, ಅದರ ಕೈಕೆಳಗಿನ ಎಳೆಗಳು, ಇಷ್ಟು ಸೇರಿ ಒಂದು ಮೋಟಾರ್ ಯೂನಿಟ್. ಕಣ್ಣುಗುಡ್ಡೆ ಆಡಿಸುವ ಸ್ನಾಯುಗಳಲ್ಲಿ ಒಂದು ನರಕೋಶಕ್ಕೆ ಹತ್ತರ ಆಸುಪಾಸು ಎಳೆ, ಮೀನಖಂಡದಲ್ಲಿ ಸಾವಿರಕ್ಕೂ ಹೆಚ್ಚು. ನರವ್ಯೂಹ ಮೊದಲು ಚಿಕ್ಕ ಯೂನಿಟ್‌ಗಳನ್ನು ಕರೆಯುತ್ತದೆ, ಭಾರ ಹೆಚ್ಚಿದಂತೆ ದೊಡ್ಡವನ್ನು. ಜೊತೆಗೆ ಅಪ್ಪಣೆಗಳನ್ನು ಬೇಗ ಬೇಗ ಕಳಿಸಿದರೆ ಒಂದು ಅದುರು ಮುಗಿಯುವ ಮುಂಚೆ ಇನ್ನೊಂದು ಬಂದು ಬಲ ಕೂಡಿಕೊಳ್ಳುತ್ತದೆ.

ಕುತೂಹಲಿ
ಕೊನೇದು. ಭಾರದ ಚೀಲ ಹಿಡಿದು ಸುಮ್ನೆ ನಿಂತಿದ್ದೇನೆ. ಚೀಲ ಅಲ್ಲಾಡಿಲ್ಲ. ಭೌತಶಾಸ್ತ್ರದ ಪ್ರಕಾರ ಕೆಲಸ ಸೊನ್ನೆ. ಕೈ ಯಾಕೆ ಸೋಲುತ್ತದೆ?

ಲ್ಯಾಬ್_ಮೂಲೆ
ಚೀಲದ ಮೇಲೆ ಆದ ಕೆಲಸ ಸೊನ್ನೆ. ತಲೆಗಳಿಗೆ ಬಿಡುವಿಲ್ಲ. ಒಂದು ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ, ಪ್ರತಿ ಸಲ ಬಿಡಲು ಒಂದು ಎಟಿಪಿ. ಕ್ಯಾಲ್ಸಿಯಂ ಪಂಪಿನ ಖರ್ಚು ಬೇರೆ. ಅಷ್ಟೂ ಶಕ್ತಿ ಶಾಖವಾಗಿ ಹೋಗುತ್ತದೆ. ಜೊತೆಗೆ ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಹಿಸುಕುತ್ತದೆ. ಅದಕ್ಕೇ ಚೀಲ ಹಿಡಿದು ನಿಲ್ಲುವುದಕ್ಕಿಂತ ಆಗಾಗ ಕೈ ಬದಲಾಯಿಸಿದರೆ ಹಾಯೆನಿಸುತ್ತದೆ.

ಎಟಿಪಿ ಹೆಚ್ಚು ಸುಡದೆ ಗಂಟೆಗಟ್ಟಲೆ ಹಿಡಿದಿರುವ ಸ್ನಾಯುವೂ ನಮ್ಮಲ್ಲಿದೆ. ರಕ್ತನಾಳಗಳ ಗೋಡೆಯಲ್ಲಿರುವ ನಯವಾದ ಸ್ನಾಯು. ಅಲ್ಲಿ ತಲೆಗಳು ಬಹಳ ನಿಧಾನವಾಗಿ ಬಿಡುತ್ತವೆ. ಟ್ರೋಪೋನಿನ್ನೂ ಇಲ್ಲ, ಕ್ಯಾಲ್ಸಿಯಂ ಬೇರೆ ದಾರಿ ಹಿಡಿಯುತ್ತದೆ. ಬೇಕಿದ್ದರೆ ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇದು ಈಗಲೇ ಉದ್ದ ಆಯಿತು.

ಜಿಮ್_ಹುಡುಗ
ನಾನೇ ಶುರು ಮಾಡುತ್ತೇನೆ ಸರ್. ಹೃದಯವನ್ನೂ ಅದರಲ್ಲೇ ಸೇರಿಸೋಣವಾ?

ಲ್ಯಾಬ್_ಮೂಲೆ
ಬೇಡ, ಅದು ಬೇರೆ. ಹೃದಯದಲ್ಲಿ ಪಟ್ಟೆಗಳೂ ಇವೆ, ಟ್ರೋಪೋನಿನ್ನೂ ಇದೆ.